ಪೆನ್ ಡ್ರೈವು, ಹುಳ ಮತ್ತು ಬಾಯ್ಲರ್ ಕಾಕಾ

ಬ್ಲಾಗಿಗೆ ಬೀಗ ಜಡಿದು ಎಷ್ಟು ವರ್ಷ ಆಯ್ತು ಅಂತ ಲೆಕ್ಕ ಹಾಕೋಕೂ ನಾಚಿಕೆ. ಮೊನ್ನೆ ಒಳಗೆ ಬರೋಣ ಅಂದ್ರೆ ಪಾಸ್‌ವರ್ಡೇ ಮರೆತುಹೋಗಿತ್ತು. ಊರಿಗೆಲ್ಲ ಪಾಸ್‌ವರ್ಡ್ ಬಗ್ಗೆ ಭಾಷಣ ಬಿಗಿಯೋದೇ ನನ್ನ ಹೊಟ್ಟೆಪಾಡು. ನಗಬೇಡಿ :-)

ಹೊಟ್ಟೆಪಾಡು ಅಂದೆನಲ್ಲ, ಅದನ್ನು ವಿವರಿಸೋದೇ ಒಂದು ಕಷ್ಟ. "ಸೈಬರ್ ಸೆಕ್ಯುರಿಟಿ" ಅಂದ ತಕ್ಷಣ ನಮ್ಮತ್ತೆ, "ಓಟಿಪಿ ಕೇಳಿದ್ರೆ ಕೊಡಬೇಡಿ ಅಂತ ಹೇಳೋದಾ?" ಅಂತಾರೆ. ಅಲ್ಲ. ನಾನು ನೋಡಿಕೊಳ್ಳೋದು ಕಾರ್ಖಾನೆಗಳ ಒಳಗಿನ ಕಂಪ್ಯೂಟರುಗಳನ್ನ. ನೀರು ಶುದ್ಧೀಕರಿಸುವ ಘಟಕದಲ್ಲಿ ಪಂಪು ಆನ್ ಮಾಡುವ, ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ಬ್ರೇಕರ್ ಬೀಳಿಸುವ, ಬಾಯ್ಲರಿಗೆ ಎಷ್ಟು ನೀರು ಹೋಗಬೇಕು ಅಂತ ನಿರ್ಧರಿಸುವ ಯಂತ್ರಗಳಿರ್ತವಲ್ಲ, ಅವು. ಬ್ಯಾಂಕಿನ ಕಂಪ್ಯೂಟರಿಗೆ ಕಳ್ಳ ನುಗ್ಗಿದ್ರೆ ದುಡ್ಡು ಹೋಗುತ್ತೆ. ಇಲ್ಲಿ ನುಗ್ಗಿದ್ರೆ ಜೀವ ಹೋಗಬಹುದು. ಅಷ್ಟೇ ವ್ಯತ್ಯಾಸ.

ಈ ಕೆಲಸಕ್ಕೆ ನಾನು ಹೇಗೆ ಬಂದೆ ಅಂತ ಕೇಳಿದವರಿಗೆಲ್ಲ ಇಷ್ಟು ದಿನ ಒಂದು ಸುಳ್ಳು ಹೇಳ್ತಾ ಬಂದಿದ್ದೆ. "ಆಸಕ್ತಿ ಇತ್ತು" ಅಂತ. ನಿಜ ಬೇರೆ ಇದೆ. ಅದಕ್ಕೂ ಈ ಬ್ಲಾಗಿಗೂ ನೇರ ಸಂಬಂಧ ಇರೋದ್ರಿಂದ ಇಲ್ಲೇ ಹೇಳಿಬಿಡೋಣ ಅಂತ ಕೂತಿದ್ದೀನಿ.

* * *

2009ರ ಫೆಬ್ರವರಿ. ನಾನಾಗ ಉತ್ತರ ಕರ್ನಾಟಕದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟೇಶನ್ ಇಂಜಿನಿಯರ್. ಹೆಸರು ಬೇಡ. ಮಲೆನಾಡಿನಿಂದ ಹೋದವನಿಗೆ ಅಲ್ಲಿನ ಬಿಸಿಲೂ ಹೊಸದು, ಭಾಷೆಯೂ ಹೊಸದು, ರೊಟ್ಟಿಯೂ ಹೊಸದು. ಸಕ್ಕರೆ ಕಾರ್ಖಾನೆ ಅಂದ್ರೆ ಗೊತ್ತಲ್ಲ, ಹಂಗಾಮು ಶುರುವಾಯ್ತು ಅಂದ್ರೆ ಮುಗಿಯೋ ತನಕ ಹಗಲೂ ರಾತ್ರಿ ಕಬ್ಬು ನುರಿಸೋದೇ. ಹೊರಗೆ ಟ್ರ್ಯಾಕ್ಟರುಗಳ ಸಾಲು ಮೈಲುಗಟ್ಟಲೆ. ಒಂದು ಗಂಟೆ ಮಿಲ್ ನಿಂತ್ರೂ ರೈತರಿಂದ ಹಿಡಿದು ಎಂಡಿ ತನಕ ಎಲ್ಲರೂ ಬಾಯಿ ಮಾಡೋರೇ.

ನಮ್ಮ ಕಂಟ್ರೋಲ್ ರೂಮಿನಲ್ಲಿ ಮೂರು ಕಂಪ್ಯೂಟರು. ಎರಡರಲ್ಲಿ ಆಪರೇಟರುಗಳು ಬಾಯ್ಲರು, ಟರ್ಬೈನು ನೋಡ್ಕೋತಿದ್ರು. ಮೂರನೇದು ಇಂಜಿನಿಯರಿಂಗ್ ಸ್ಟೇಷನ್. ಅದು ನನ್ನ ವಶ. ಮೂರೂ ವಿಂಡೋಸ್ ಎಕ್ಸ್‌ಪಿ. ಆಂಟಿವೈರಸ್ ಇಲ್ಲ, ಅಪ್‌ಡೇಟ್ ಇಲ್ಲ. ಯಂತ್ರ ಕೊಟ್ಟ ಕಂಪನಿಯವರೇ "ಏನೂ ಹಾಕಬೇಡಿ, ಹಾಕಿದ್ರೆ ಗ್ಯಾರಂಟಿ ಇಲ್ಲ" ಅಂದಿದ್ರು. "ನಮ್ಮ ಸಿಸ್ಟಮ್ಮಿಗೆ ಇಂಟರ್ನೆಟ್ಟೇ ಇಲ್ಲವಲ್ಲ, ವೈರಸ್ ಎಲ್ಲಿಂದ ಬರುತ್ತೆ?" ಅನ್ನೋದು ಎಲ್ಲರ ವಾದ. ನನ್ನದೂ.

ಬಾಯ್ಲರ್ ನೋಡ್ಕೋತಿದ್ದವರು ಒಬ್ಬ ಹಿರಿಯರು. ಎಲ್ಲರಿಗೂ ಅವರು ಕಾಕಾ. ನಿವೃತ್ತಿಗೆ ಎರಡೋ ಮೂರೋ ವರ್ಷ ಇತ್ತು. ಕಂಪ್ಯೂಟರ್ ಬರೋಕೆ ಮುಂಚಿನಿಂದ ಬಾಯ್ಲರ್ ನಡೆಸಿದವರು. ಅವರ ಜೊತೆ ಐಟಿಐ ಮುಗಿಸಿದ ಒಬ್ಬ ಹುಡುಗ, ಗುತ್ತಿಗೆದಾರನ ಕಡೆಯಿಂದ ಬಂದವನು. ಚುರುಕು. ರಾತ್ರಿ ಕೆಲಸ ಇಲ್ಲದಾಗ ಆಪರೇಟರ್ ಕಂಪ್ಯೂಟರಿನಲ್ಲಿ ಸಿಡಿ ಹಾಕಿ ಸಿನಿಮಾ ನೋಡ್ತಿದ್ದ. ಬೈದ್ರೆ ಹಲ್ಲು ಕಿರಿಯೋನು.

ಇನ್ನು ನಾನು ಏನ್ ಮಾಡ್ತಿದ್ದೆ ಗೊತ್ತಾ? ಬ್ಲಾಗ್ ಬರೀತಿದ್ದೆ.

ಹೌದು ಮಾರಾಯ್ರೆ. ಇಂಜಿನಿಯರಿಂಗ್ ಸ್ಟೇಷನ್ನಿಗೆ ಬರಹ ತಂತ್ರಾಂಶ ಹಾಕ್ಕೊಂಡು, ನೈಟ್ ಶಿಫ್ಟಿನಲ್ಲಿ ಕೂತು ಪೋಸ್ಟ್ ಟೈಪ್ ಮಾಡೋದು. ಪೆನ್ ಡ್ರೈವಿನಲ್ಲಿ ತುಂಬ್ಕೊಂಡು ಬೆಳಿಗ್ಗೆ ಊರಿನ ಸೈಬರ್ ಕೆಫೆಗೆ ಹೋಗಿ ಏರಿಸೋದು. ಅಲ್ಲೇ ನಿಮ್ಮೆಲ್ಲರ ಬ್ಲಾಗುಗಳನ್ನ ಸೇವ್ ಮಾಡ್ಕೊಂಡು, ರಾತ್ರಿ ತಂದು ಓದೋದು. ಆ ಎರಡು ಜಿಬಿಯ ಪೆನ್ ಡ್ರೈವು ದಿನಾ ಕೆಫೆಗೂ ಕಂಟ್ರೋಲ್ ರೂಮಿಗೂ ಓಡಾಡ್ತಿತ್ತು. ಇಂಟರ್ನೆಟ್ ಇಲ್ಲ ಅಂತ ಹೆಮ್ಮೆಪಡ್ತಿದ್ದ ನಮ್ಮ ಕಾರ್ಖಾನೆಗೆ ನಾನೇ ಇಂಟರ್ನೆಟ್ಟನ್ನ ಜೇಬಿನಲ್ಲಿಟ್ಟುಕೊಂಡು ತರ್ತಿದ್ದೆ.

ಆ ಕಾಲಕ್ಕೆ ಕಾನ್‌ಫಿಕರ್ ಅನ್ನೋ ಹುಳ ಜಗತ್ತಿಡೀ ಹಬ್ಬಿತ್ತು. 2008ರ ನವೆಂಬರಿನಲ್ಲಿ ಮೊದಲು ಕಾಣಿಸಿಕೊಂಡಿದ್ದು. ಪೆನ್ ಡ್ರೈವ್ ಚುಚ್ಚಿದ ತಕ್ಷಣ ಆಟೋರನ್ ಮೂಲಕ ಒಳಗೆ ಬರುತ್ತೆ, ಆಮೇಲೆ ನೆಟ್‌ವರ್ಕಿನಲ್ಲಿರೋ ಬೇರೆ ಯಂತ್ರಗಳಿಗೆ ತಾನೇ ಹಾರುತ್ತೆ. ಅದನ್ನು ತಡೆಯೋ ಪ್ಯಾಚನ್ನ ಮೈಕ್ರೋಸಾಫ್ಟ್ 2008ರ ಅಕ್ಟೋಬರಿನಲ್ಲೇ ಕೊಟ್ಟಿತ್ತು. ನಮ್ಮಲ್ಲಿ ಹಾಕೋರು ಯಾರು?

* * *

ಆ ರಾತ್ರಿ ಇನ್ನೊಂದು ತಾಪತ್ರಯ ಇತ್ತು. ಬಾಯ್ಲರ್ ಡ್ರಮ್ಮಿನಲ್ಲಿ ನೀರಿನ ಮಟ್ಟ ಅಳೆಯುವ ಎರಡು ಟ್ರಾನ್ಸ್‌ಮಿಟರುಗಳಲ್ಲಿ ಒಂದು ಹುಚ್ಚುಹುಚ್ಚಾಗಿ ಕುಣೀತಿತ್ತು. ಬೆಳಿಗ್ಗೆ ಬದಲಾಯಿಸೋಣ ಅಂತ ನೀರಿನ ಕವಾಟವನ್ನ ಆಟೋದಿಂದ ಮ್ಯಾನುಯಲ್ಲಿಗೆ ಹಾಕಿದ್ವಿ. ಮಟ್ಟ ತೀರಾ ಕೆಳಗಿಳಿದ್ರೆ ಬಾಯ್ಲರನ್ನ ತಾನಾಗೇ ನಿಲ್ಲಿಸುವ ಇಂಟರ್‌ಲಾಕನ್ನೂ ಬೈಪಾಸ್ ಮಾಡಿದ್ವಿ. "ಮಾಡಿದ್ವಿ" ಅಂತ ಯಾಕೆ ಜಾರಿಕೊಳ್ಳಲಿ, ಮಾಡಿದ್ದು ನಾನೇ. ಸುಳ್ಳು ಸಿಗ್ನಲ್ಲಿಗೆ ಬಾಯ್ಲರ್ ನಿಂತ್ರೆ ಮಿಲ್ ನಿಲ್ಲುತ್ತೆ, ಅದಕ್ಕೆ.

ಡ್ರಮ್ಮಿನ ನೀರು ಅಂದ್ರೆ ಆಟ ಅಲ್ಲ. ಹೆಚ್ಚಾದ್ರೆ ಹಬೆ ಜೊತೆ ನೀರು ಟರ್ಬೈನಿಗೆ ಹೋಗಿ ಬ್ಲೇಡು ಮುರಿಯುತ್ತೆ. ಕಮ್ಮಿಯಾದ್ರೆ ಬೆಂಕಿಗೆ ಮೈಯೊಡ್ಡಿದ ಟ್ಯೂಬುಗಳು ಒಣಗಿ ಕೆಂಪಾಗುತ್ತವೆ. ಆಗ ಗಾಬರಿಬಿದ್ದು ತಣ್ಣೀರು ಬಿಟ್ಟರಂತೂ ಕಥೆ ಮುಗೀತು.

ರಾತ್ರಿ ಎರಡೂವರೆ ಇರಬಹುದು. ಮಿಲ್ಲಿನಲ್ಲಿ ಕಬ್ಬು ಸಿಕ್ಕಿಕೊಂಡು ಸ್ವಲ್ಪ ಹೊತ್ತು ನಿಂತಿತ್ತು. ಹಬೆ ಬೇಡಿಕೆ ಇಳೀತು ಅಂತ ಕಾಕಾ ಕವಾಟ ಕಮ್ಮಿ ಮಾಡಿದ್ರು. ನಾನು ನನ್ನ ಮೂಲೆಯಲ್ಲಿ ಪೆನ್ ಡ್ರೈವ್ ಚುಚ್ಚಿ ಪೋಸ್ಟ್ ತಿದ್ದುತ್ತಾ ಇದ್ದೆ. ಮಿಲ್ ಮತ್ತೆ ಶುರುವಾದ ಸದ್ದು ಕೇಳಿಸ್ತು. ಒಂದೆರಡು ನಿಮಿಷ ಕಳೆದಿರಬೇಕು. ಕಾಕಾ ಕುರ್ಚಿಯಿಂದ ಎದ್ದು ಪರದೆ ಹತ್ತಿರ ಮುಖ ತಂದ್ರು.

"ಸಾಹೇಬ್ರ, ಇಲ್ಲಿ ಬರ್ರಿ. ಈ ಗೆರಿ ನೋಡ್ರಿ."

ನೋಡಿದೆ. ಡ್ರಮ್ ಲೆವೆಲ್ 52 ಪರ್ಸೆಂಟು. ಗೆರೆ ನೆಟ್ಟಗೆ ಇದೆ. ಹಬೆ ಒತ್ತಡ ಸರಿ. ಎಲ್ಲಾ ಹಸಿರು.

"ಚೆನ್ನಾಗೇ ಇದೆಯಲ್ಲ ಕಾಕಾ?"

"ಅದಾ ಹೇಳಾಕತ್ತೀನಿ. ಭಾಳ ಛಲೋ ಐತಿ. ಬಾಯ್ಲರ್ ನೀರು ಉಸಿರಾಡ್ತೈತ್ರಿ. ಹಿಂಗ ಸತ್ತವ್ರಂಗ ಮಲಗಂಗಿಲ್ಲ. ಮಿಲ್ ಚಾಲೂ ಆಗೇತಿ, ಇದು ಅಲುಗಾಡವಲ್ದು."

ಅಷ್ಟು ಹೇಳಿ ವಾಕಿಟಾಕಿ ತಗೊಂಡು ಹೊರಟೇಬಿಟ್ರು. ಡ್ರಮ್ ಇರೋದು ಏಳೆಂಟು ಮಹಡಿ ಎತ್ತರದಲ್ಲಿ. ಆ ವಯಸ್ಸಿನ ಮನುಷ್ಯ ಕಬ್ಬಿಣದ ಮೆಟ್ಟಿಲುಗಳನ್ನ ಓಡಿಕೊಂಡೇ ಹತ್ತಿದ್ರು. ನಾನು ಮೌಸ್ ಹಿಡಿದು ಕವಾಟ ತೆರೆಯೋಕೆ ನೋಡ್ತೀನಿ, ಏನೂ ಆಗ್ತಿಲ್ಲ. ಪರದೆ ಮೇಲಿನ ಗಡಿಯಾರವೂ ನಿಂತುಹೋಗಿತ್ತು. ಅಲ್ಲಿದ್ದ ಅಂಕಿಗಳೆಲ್ಲ ಹಳೆಯವು.

ವಾಕಿಟಾಕಿಯಲ್ಲಿ ಕಾಕಾ ಏದುಸಿರು: "ಗೇಜ್ ಗ್ಲಾಸಿನ ತಳಕ್ಕ ಬಂದೈತಿ. ನೀರು ಇನ್ನಾ ಕಾಣಾಕತ್ತೈತಿ, ಒಂದು ಬೊಟ್ಟು ಐತಿ. ಲಗೂ ಬೈಪಾಸ್ ತೆಗೀರಿ! ನೀರು ಕಾಣದಂಗಾತು ಅಂತ ನಾ ಅಂದ್ರ ಬೆಂಕಿ ಬಂದ್ ಮಾಡ್ರಿ, ನೀರು ಬಿಡಬ್ಯಾಡ್ರಿ!"

ನಾನು ಕಲ್ಲಾಗಿ ನಿಂತಿದ್ದೆ. ಓಡಿದ್ದು ಆ ಹುಡುಗ. ಕೆಳಗಿನ ಫೀಡ್ ವಾಟರ್ ಲೈನಿನ ಹತ್ತಿರ ಹೋಗಿ, ಕೈಚಕ್ರ ಹಿಡಿದು, ಮೇಲಿಂದ ಕಾಕಾ ಹೇಳಿದಷ್ಟು ತಿರುವುತ್ತಾ ಹೋದ. ಬೆಳಕು ಹರಿಯೋವರೆಗೂ ಅವರಿಬ್ಬರೇ ಬಾಯ್ಲರ್ ನಡೆಸಿದ್ರು. ಒಬ್ಬರು ಮೇಲೆ ಗಾಜು ನೋಡ್ತಾ, ಇನ್ನೊಬ್ಬ ಕೆಳಗೆ ಚಕ್ರ ತಿರುವುತ್ತಾ. ಅವನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ನಾನು ಏನ್ ಮಾಡಿದೆ? ನೆಟ್‌ವರ್ಕ್ ಕೇಬಲ್ಲುಗಳನ್ನೆಲ್ಲ ಕಿತ್ತು ಒಂದೊಂದಾಗಿ ಹಾಕ್ತಾ ಬಂದೆ. ಆಪರೇಟರ್ ಸ್ಟೇಷನ್ನುಗಳಿಗೆ ಜೀವ ಬಂತು. ನನ್ನ ಇಂಜಿನಿಯರಿಂಗ್ ಸ್ಟೇಷನ್ ಚುಚ್ಚಿದ್ರೆ ಮತ್ತೆ ಎಲ್ಲಾ ಸ್ತಬ್ಧ. ಇನ್ನೊಮ್ಮೆ ಕಿತ್ತು ಹಾಕಿ ನೋಡಿದೆ. ಅದೇ ಕಥೆ. ಹುಳ ನನ್ನ ಯಂತ್ರದಲ್ಲಿ ಕೂತು ಇಡೀ ನೆಟ್‌ವರ್ಕಿನ ಉಸಿರು ಕಟ್ಟಿಸ್ತಿತ್ತು. ಪೆನ್ ಡ್ರೈವಿನ ಕೆಂಪು ದೀಪ ಇನ್ನೂ ಮಿಣುಕ್ತಾ ಇತ್ತು.

ಅದನ್ನ ಕಿತ್ತು ಜೇಬಿಗೆ ಹಾಕ್ಕೊಂಡೆ. ಬರಹ ತೆಗೆದುಹಾಕಿದೆ. ಪೋಸ್ಟುಗಳನ್ನ ಅಳಿಸಿದೆ. ಎಂಟು ಗಂಟೆಗೆ ಮ್ಯಾನೇಜರು ಬರೋ ಹೊತ್ತಿಗೆ ಎಲ್ಲಾ ಸ್ವಚ್ಛ.

ಎರಡು ದಿನ ಬಿಟ್ಟು ಯಂತ್ರದ ಕಂಪನಿಯ ಇಂಜಿನಿಯರ್ ಬಂದ. ಅಷ್ಟರಲ್ಲಿ ಹುಳ ಮೂರೂ ಕಂಪ್ಯೂಟರಿಗೆ ಹತ್ತಿತ್ತು. ಮೊದಲು ಯಾವುದಕ್ಕೆ ಬಂತು ಅಂತ ಹೇಳೋಕಾಗಲ್ಲ ಅಂದ. ಆಪರೇಟರ್ ಸ್ಟೇಷನ್ನಿನಲ್ಲಿ ನಾಲ್ಕು ಸಿನಿಮಾ ಸಿಕ್ಕವು. ಇನ್ನೇನು ಬೇಕು? "ಇವನೇ" ಅಂತ ತೀರ್ಮಾನ ಆಯ್ತು. ಹಂಗಾಮಿನ ಮಧ್ಯದಲ್ಲೇ ಹುಡುಗನನ್ನ ಕೆಲಸದಿಂದ ತೆಗೆದರು. ಆ ಸಭೆಯಲ್ಲಿ ನಾನೂ ಇದ್ದೆ. ನನ್ನನ್ನ ಯಾರೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಆ ವಾರ ಏರಿಸಿದ ಪೋಸ್ಟಿಗೆ ನಿಮ್ಮಲ್ಲಿ ಹಲವರು "ಚೆನ್ನಾಗಿದೆ, ಹೀಗೇ ಬರೀತಾ ಇರಿ" ಅಂತ ಕಾಮೆಂಟ್ ಹಾಕಿದ್ರಿ. ಆಮೇಲೆ ನಾನು ಹೆಚ್ಚು ಬರೀಲಿಲ್ಲ ಅನ್ನೋದನ್ನ ಹಳಬರು ಗಮನಿಸಿರಬಹುದು.

* * *

ಮುಂದಿನ ವರ್ಷ, 2010ರಲ್ಲಿ, ಸ್ಟಕ್ಸ್‌ನೆಟ್ ಸುದ್ದಿ ಬಂತು. ಬೆಲಾರುಸಿನ ಒಂದು ಸಣ್ಣ ಆಂಟಿವೈರಸ್ ಕಂಪನಿಯವರು ಜೂನಿನಲ್ಲಿ ಪತ್ತೆ ಹಚ್ಚಿದ್ದು. ಇರಾನಿನ ನತಾಂಜ್ ಅನ್ನೋ ಕಡೆ ಯುರೇನಿಯಂ ಸಂಸ್ಕರಿಸುವ ಸೆಂಟ್ರಿಫ್ಯೂಜುಗಳನ್ನ ಹಾಳು ಮಾಡೋಕೆಂದೇ ಬರೆದ ಹುಳ ಅದು. ಅಲ್ಲೂ ಇಂಟರ್ನೆಟ್ ಸಂಪರ್ಕ ಇರಲಿಲ್ಲ. ಅಲ್ಲೂ ಪೆನ್ ಡ್ರೈವುಗಳ ಮೂಲಕವೇ ಹರಡುವಂತೆ ಕಟ್ಟಿದ್ದರು. ಸೆಂಟ್ರಿಫ್ಯೂಜುಗಳ ವೇಗವನ್ನ ಏರಿಸಿ ಇಳಿಸಿ ಕೆಡಿಸೋದು, ಆದರೆ ಆಪರೇಟರುಗಳಿಗೆ ಮಾತ್ರ ಎಲ್ಲಾ ಮಾಮೂಲಿ ಅಂತ ಹಳೇ ಅಂಕಿಗಳನ್ನೇ ತೋರಿಸೋದು.

ಇದನ್ನ ಓದಿದಾಗ ನನಗೆ ಮೈ ಬೆವರಿತು. ನಮ್ಮಲ್ಲಿ ಆ ಸುಳ್ಳು ಪರದೆ ಆಕಸ್ಮಿಕ. ಅಲ್ಲಿ ಬೇಕಂತಲೇ. ಆದರೆ ಅಲ್ಲಿನ ಆಪರೇಟರುಗಳೂ ನನ್ನ ಹಾಗೇ "ಚೆನ್ನಾಗೇ ಇದೆಯಲ್ಲ" ಅಂತ ಕೂತಿರಬೇಕು.

ಆವತ್ತಿನಿಂದ ಇದನ್ನೇ ಓದ್ತಾ ಬಂದೆ, ಕೊನೆಗೆ ಇದೇ ಕೆಲಸವಾಯ್ತು. ಓದಿದ್ದರಲ್ಲೆಲ್ಲ ನನಗೆ ಕಾಕಾನೇ ಕಾಣ್ತಾರೆ.

2015ರ ಡಿಸೆಂಬರ್ 23, ಉಕ್ರೇನ್. ಮೂರು ವಿದ್ಯುತ್ ವಿತರಣಾ ಕಂಪನಿಗಳಿಗೆ ನುಗ್ಗಿ ಬ್ರೇಕರುಗಳನ್ನ ಬೀಳಿಸಿದರು. ಆಪರೇಟರುಗಳ ಕಣ್ಣೆದುರಿಗೇ ಮೌಸ್ ಬಾಣ ತಾನಾಗೇ ಓಡಾಡ್ತಿತ್ತು. ಸುಮಾರು 2,25,000 ಗ್ರಾಹಕರಿಗೆ ಚಳಿಗಾಲದಲ್ಲಿ ಕರೆಂಟಿಲ್ಲ. ಕೆಲವೇ ಗಂಟೆಗಳಲ್ಲಿ ವಾಪಸ್ ಬಂದಿದ್ದು ಹೇಗೆ? ಸಿಬ್ಬಂದಿ ಗಾಡಿ ಹತ್ತಿ ಸಬ್‌ಸ್ಟೇಷನ್ನುಗಳಿಗೆ ಹೋಗಿ ಕೈಯಾರೆ ಬ್ರೇಕರ್ ಹಾಕಿದರು.

2017, ಸೌದಿ ಅರೇಬಿಯಾದ ಒಂದು ಪೆಟ್ರೋಕೆಮಿಕಲ್ ಕಾರ್ಖಾನೆ. ಟ್ರೈಟನ್ ಅನ್ನೋ ಹುಳ ಕೈ ಹಾಕಿದ್ದು ಅನಾಹುತ ಆದಾಗ ಕಾರ್ಖಾನೆಯನ್ನ ನಿಲ್ಲಿಸಬೇಕಾದ ಸುರಕ್ಷತಾ ವ್ಯವಸ್ಥೆಗೇ. ಆ ಪೆಟ್ಟಿಗೆಗಳ ಮೇಲೆ ಒಂದು ಬೀಗದಕೈ ಇರುತ್ತೆ. "ರನ್"ಗೆ ತಿರುಗಿಸಿಟ್ಟರೆ ಹೊರಗಿನವರು ಪ್ರೋಗ್ರಾಂ ಬದಲಿಸೋಕೆ ಆಗಲ್ಲ. ಅದನ್ನ "ಪ್ರೋಗ್ರಾಂ" ಸ್ಥಾನದಲ್ಲೇ ಬಿಟ್ಟಿದ್ದರು. ಪುಣ್ಯಕ್ಕೆ ಹುಳದಲ್ಲೇ ತಪ್ಪಿದ್ದು ಕಾರ್ಖಾನೆ ಸುರಕ್ಷಿತವಾಗಿ ನಿಂತುಹೋಯ್ತು. "ಬೆಳಿಗ್ಗೆ ಸರಿ ಮಾಡೋಣ" ಅಂತ ಇಂಟರ್‌ಲಾಕ್ ಬೈಪಾಸ್ ಮಾಡಿದ ನನಗೆ ಆ ಬೀಗದಕೈ ಚೆನ್ನಾಗಿ ಅರ್ಥವಾಗುತ್ತೆ.

ನಮ್ಮ ದೇಶದಲ್ಲೂ ಆಗಿದೆ. 2019ರ ಅಕ್ಟೋಬರ್ 30ರಂದು ಅಣು ವಿದ್ಯುತ್ ನಿಗಮ ತನ್ನ ಒಂದು ಕಂಪ್ಯೂಟರಿನಲ್ಲಿ ಹುಳ ಇದ್ದದ್ದನ್ನ ಒಪ್ಪಿಕೊಂಡಿತು. ಕೂಡಂಕುಳಂ ಸುದ್ದಿ ಹಬ್ಬಿದಾಗ. ಅದು ಆಡಳಿತ ಕೆಲಸದ ಯಂತ್ರ, ಸ್ಥಾವರ ನಡೆಸುವ ಜಾಲ ಪ್ರತ್ಯೇಕವಾಗಿದೆ, ಅದಕ್ಕೇನೂ ಆಗಿಲ್ಲ ಅಂತ ಹೇಳಿತು. ಹಿಂದಿನ ದಿನ ಸ್ಥಾವರದ ಕಡೆಯಿಂದ ಬಂದಿದ್ದ ಹೇಳಿಕೆ "ಇದೆಲ್ಲ ಸುಳ್ಳು ಸುದ್ದಿ" ಅಂತ! ಮೊದಲ ಮಾತು "ನಮ್ಮಲ್ಲಿ ಇಲ್ಲ" ಅಂತಲೇ ಬರೋದು ಯಾಕೋ. ನಾನೂ ಅದನ್ನೇ ಮಾಡಿದವನು, ಬೇರೆಯವರನ್ನ ಏನು ಅನ್ನಲಿ.

"ಅಪ್‌ಡೇಟ್ ಹಾಕೋಕೆ ಏನ್ರೀ ಕಷ್ಟ?" ಅಂತ ನಿಮ್ಮಲ್ಲಿರೋ ಸಾಫ್ಟ್‌ವೇರಿನವರು ಕೇಳ್ತೀರಿ, ಗೊತ್ತು. ನಿಮ್ಮ ಸರ್ವರ್ ರೀಸ್ಟಾರ್ಟ್ ಆದ್ರೆ ಐದು ನಿಮಿಷ ಕಾಫಿ ಕುಡೀಬಹುದು. ಬಾಯ್ಲರಿಗೆ ಐದು ನಿಮಿಷ ಕಣ್ಣು ಮುಚ್ಚಿಕೋ ಅನ್ನೋಕಾಗಲ್ಲ. ಒಮ್ಮೆ ಕೂರಿಸಿದ ಯಂತ್ರ ಹದಿನೈದಿಪ್ಪತ್ತು ವರ್ಷ ಇರುತ್ತೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲಿನಲ್ಲೇ ಎಳ್ಳುನೀರು ಬಿಟ್ಟಿತು, ಅದಾಗಿ ಎಷ್ಟೋ ಕಾಲದ ಮೇಲೂ ಕಂಟ್ರೋಲ್ ರೂಮುಗಳಲ್ಲಿ ಅದು ಓಡ್ತಿರೋದನ್ನ ಕಂಡಿದ್ದೀನಿ. ಈ ಯಂತ್ರಗಳು ಮಾತಾಡುವ ಮಾಡ್‌ಬಸ್ ಅನ್ನೋ ಭಾಷೆ 1979ರದ್ದು. ಅದರಲ್ಲಿ "ನೀನ್ಯಾರು?" ಅಂತ ಕೇಳುವ ಪದ್ಧತಿಯೇ ಇಲ್ಲ. ಯಾರು "ಕವಾಟ ಮುಚ್ಚು" ಅಂದ್ರೂ ಮುಚ್ಚುತ್ತೆ. ಆಗ ಆ ತಂತಿಯಲ್ಲಿ ಪರಕೀಯರು ಇರ್ತಾರೆ ಅಂತ ಯಾರಿಗೆ ಗೊತ್ತಿತ್ತು?

ಹಾಗಾಗಿ ಪ್ಯಾಚು ಹಾಕೋಕಾಗದ ಕಡೆ ಸುತ್ತ ಬೇಲಿ ಹಾಕ್ತೀವಿ. ಆಫೀಸಿನ ಜಾಲ ಬೇರೆ, ಕಾರ್ಖಾನೆಯ ಜಾಲ ಬೇರೆ, ಸುರಕ್ಷತಾ ವ್ಯವಸ್ಥೆ ಇನ್ನೂ ಬೇರೆ. ನಡುವೆ ಕಾವಲು. ಪೆನ್ ಡ್ರೈವ್ ತರಲೇಬೇಕಾದ್ರೆ ಬಾಗಿಲಲ್ಲಿ ಒಂದು ಕಂಪ್ಯೂಟರಿಟ್ಟು ಸೋಸಿ ಒಳಗೆ ಬಿಡೋದು. ಯಾವ ಬೈಪಾಸ್ ಯಾರು, ಯಾಕೆ, ಎಷ್ಟು ಹೊತ್ತಿಗೆ ಹಾಕಿದ್ರು ಅಂತ ಪುಸ್ತಕದಲ್ಲಿ ಬರೆಯೋದು. ಮತ್ತೆ, ಗೇಜ್ ಗ್ಲಾಸನ್ನ ಒರೆಸಿ ಇಡೋದು. ಇದೂ ಸೈಬರ್ ಸೆಕ್ಯುರಿಟಿನೇ ಅಂದ್ರೆ ಹೊಸ ಹುಡುಗರು ನಗ್ತಾರೆ.

2019ರ ಮಾರ್ಚಿನಲ್ಲಿ ನಾರ್ವೆಯ ನಾರ್ಸ್ಕ್ ಹೈಡ್ರೋ ಅನ್ನೋ ಅಲ್ಯೂಮಿನಿಯಂ ಕಂಪನಿಯ ಕಂಪ್ಯೂಟರುಗಳನ್ನೆಲ್ಲ ಹುಳವೊಂದು ಬೀಗ ಹಾಕಿ ದುಡ್ಡು ಕೇಳಿತು. ಅವರು ಕೊಡಲಿಲ್ಲ. ಹೀಗಾಗಿದೆ ಅಂತ ಬಹಿರಂಗವಾಗಿ ಹೇಳಿಕೊಂಡ್ರು. ಕಾಗದ ಪೆನ್ನು ಹಿಡಿದು ಕೈಯಾರೆ ಕಾರ್ಖಾನೆ ನಡೆಸಿದ್ರು. ಹಳೇ ಪದ್ಧತಿ ಗೊತ್ತಿದ್ದ ನಿವೃತ್ತರು ವಾಪಸ್ ಬಂದು ಕೈಗೂಡಿಸಿದ್ರು. ಆ ಸುದ್ದಿ ಓದಿ ಕಾಕಾಗೆ ಫೋನ್ ಮಾಡಬೇಕು ಅನ್ನಿಸಿತ್ತು. ಮಾಡಲಿಲ್ಲ.

ಕೊನೆಗೆ ಮಾಡುವಂತೆ ಮಾಡಿದ್ದು ಫ್ಲಾರಿಡಾದ ಓಲ್ಡ್ಸ್‌ಮಾರ್ ಅನ್ನೋ ಊರು. 2021ರ ಫೆಬ್ರವರಿಯಲ್ಲಿ ಅಲ್ಲಿನ ಕುಡಿಯುವ ನೀರಿನ ಘಟಕದಲ್ಲಿ ಕಾಸ್ಟಿಕ್ ಸೋಡಾದ ಪ್ರಮಾಣ 100 ಪಿಪಿಎಂನಿಂದ 11,100ಕ್ಕೆ ಏರಿತ್ತು. ಆಪರೇಟರ್ ನೋಡಿ ತಕ್ಷಣ ಇಳಿಸಿದ. ಜಗತ್ತಿಡೀ "ಹ್ಯಾಕರ್" ಅಂತ ಸುದ್ದಿ. ನಾನೂ ಎಷ್ಟೋ ತರಬೇತಿಗಳಲ್ಲಿ ಈ ಕಥೆ ಹೇಳಿದ್ದೆ. 2023ರಲ್ಲಿ ಆ ಊರಿನ ಮಾಜಿ ಆಡಳಿತಾಧಿಕಾರಿಯೇ, ಅದು ಹ್ಯಾಕರ್ ಅಲ್ಲ, ಒಳಗಿನ ನೌಕರನ ಕೈತಪ್ಪು ಇರಬೇಕು ಅಂದ್ರು. ಹೊರಗಿನವರು ನುಗ್ಗಿದ್ದು ಎಫ್‌ಬಿಐಗೂ ಖಚಿತವಾಗಲಿಲ್ಲ.

ಅದನ್ನ ಓದಿದ ರಾತ್ರಿ ನಿದ್ದೆ ಬರಲಿಲ್ಲ. ನಮ್ಮಲ್ಲೂ ಹೀಗೇ ತಾನೇ, ಸುಲಭವಾಗಿ ಸಿಕ್ಕ ಒಬ್ಬನ ಮೇಲೆ ಹೊರಿಸಿ ಫೈಲ್ ಮುಚ್ಚಿದ್ದು.

* * *

ಕಾಕಾನ ನಂಬರ್ ಹುಡುಕಿ ಫೋನ್ ಮಾಡಿದೆ. ಮೊದಲು ಗುರುತೇ ಸಿಗಲಿಲ್ಲ. ಆಮೇಲೆ ಭಾಳ ಖುಷಿಪಟ್ರು. ಮಕ್ಕಳು ಮರಿ, ಮಳೆ ಬೆಳೆ ಎಲ್ಲಾ ಆಯ್ತು. ನಾನು ತಡವರಿಸಿಕೊಂಡು ವಿಷಯಕ್ಕೆ ಬಂದೆ. "ಕಾಕಾ, ಅವತ್ತು ಆ ವೈರಸ್ ತಂದಿದ್ದು..."

"ನೀವ ಅಲ್ರೀ? ನಂಗ ಅವತ್ತ ಗೊತ್ತಿತ್ತು. ನಿಮ್ಮ ಕಡ್ಡಿಯ ಲೈಟ್ ಮಿಣಮಿಣ ಅಂತಿತ್ತು. ನಾ ಮ್ಯಾಲಿಂದ ಇಳದ್ ಬರೂದ್ರಾಗ ಇರಲಿಲ್ಲ."

"ಮತ್ತೆ ಯಾಕೆ ಹೇಳಲಿಲ್ಲ?"

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ರು. "ನೀವ ಹೇಳ್ತೀರಿ ಅಂತ ಮಾಡಿದ್ದೆ ಸಾಹೇಬ್ರ. ಕಲ್ತವ್ರು. ಇವತ್ತ ಹೇಳ್ತಾರು, ನಾಳೆ ಹೇಳ್ತಾರು ಅಂತ ಕಾದೆ. ಅಷ್ಟರಾಗ ಹುಡುಗನ್ನ ಕಳಿಸಿದ್ರು. ನಾನೂ ಬಾಯಿ ಬಿಡಬೇಕಿತ್ತು. ರಿಟೈರ್ ಆಗೂ ಹೊತ್ತು, ಯಾಕ ಬೇಕು ಅಂತ ಸುಮ್ಮನಾದೆ. ನಂದೂ ತಪ್ಪೈತಿ."

ಹುಡುಗನ ನಂಬರನ್ನ ಅವರೇ ಕೊಟ್ಟರು. ಹುಡುಗ ಅಂತೀನಿ, ಈಗ ಅವನಿಗೂ ನಲವತ್ತರ ಹತ್ತಿರ. ಊರಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಎರಡು ವಾರ ಆ ನಂಬರ್ ಇಟ್ಕೊಂಡು ಕೂತಿದ್ದೆ. ಕೊನೆಗೊಂದು ಭಾನುವಾರ ಮಾಡಿದೆ, ಎಲ್ಲಾ ಹೇಳಿದೆ.

ಬೈತಾನೆ ಅಂದ್ಕೊಂಡಿದ್ದೆ. ಬೈಯಲಿಲ್ಲ. ಹಿಂದುಗಡೆ ಯಾವುದೋ ಮೋಟಾರಿನ ಸದ್ದು ಕೇಳಿಸ್ತಿತ್ತು. ಅದನ್ನ ಆಫ್ ಮಾಡಿದ.

"ಅಪ್ಪ ಇದ್ದಾಗ ಹೇಳಬೇಕಿತ್ರೀ ಸರ. ಸಿನಿಮಾ ನೋಡಿ ಫ್ಯಾಕ್ಟ್ರಿ ಕೆಡಿಸಿ ಬಂದ ಅಂತ ಸಾಯೂತನಕ ಅಂದ್ರು."

ನನ್ನ ಹತ್ರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಅವನೇ ಮಾತು ಬದಲಿಸಿ, "ಬಾಯ್ಲರ್ ಉಳೀತಲ್ರೀ, ಅದ ದೊಡ್ಡದು" ಅಂದ. ಈ ಕಡೆ ಬಂದ್ರೆ ಅಂಗಡಿಗೆ ಬರ್ರಿ ಅಂದ. ಹೋಗಬೇಕು. ಹೋಗೋಕೆ ಮುಂಚೆ ಆ ಕಾರ್ಖಾನೆಗೆ ಒಂದು ಕಾಗದ ಬರೆದಿದ್ದೀನಿ, ನಡೆದದ್ದೆಲ್ಲ ಹೇಳಿ. ಆಗಿನವರು ಯಾರೂ ಅಲ್ಲಿಲ್ಲ. ಆದರೂ ಅವನ ಹೆಸರಿನ ಮುಂದೆ ಏನು ಬರೆದಿದ್ದಾರೋ ಅದನ್ನ ಹೊಡೆದುಹಾಕಿ ಅಂತ ಕೇಳಿದ್ದೀನಿ. ಪ್ರತಿ ಅವನಿಗೂ ಕಳಿಸಿದ್ದೀನಿ. ಉತ್ತರ ಇನ್ನೂ ಬಂದಿಲ್ಲ.

2022ರಲ್ಲಿ ಸರ್ಟ್-ಇನ್ ಒಂದು ಆದೇಶ ಹೊರಡಿಸಿತು. ಇಂಥ ದಾಳಿ ಗೊತ್ತಾದ ಆರು ಗಂಟೆಯೊಳಗೆ ಅವರಿಗೆ ತಿಳಿಸಬೇಕು, ಕಾರ್ಖಾನೆಯ ವ್ಯವಸ್ಥೆಗಳೂ ಸೇರಿದಂತೆ. ಒಳ್ಳೇದೇ. ಆದರೆ ಕಂಟ್ರೋಲ್ ರೂಮಿನಲ್ಲಿ ಕೂತ ಹುಡುಗ "ಸರ್, ನಾನೇ ಪೆನ್ ಡ್ರೈವ್ ಹಾಕಿದ್ದು" ಅಂತ ಮೊದಲು ಹೇಳಬೇಕಲ್ಲ? ಹೇಳಿದ್ರೆ ಕೆಲಸ ಹೋಗುತ್ತೆ ಅಂದ್ರೆ ಯಾರು ಹೇಳ್ತಾರೆ? ನಾನು ಹೇಳಿದ್ನಾ? ಅದಕ್ಕೇ ಈಗ ಯಾವ ಕಾರ್ಖಾನೆಗೆ ಹೋದ್ರೂ "ಯಾರು ತಂದ್ರು?" ಅನ್ನೋ ಪ್ರಶ್ನೆಯನ್ನ ಮೊದಲು ಕೇಳೋದಿಲ್ಲ. "ಹೇಗೆ ಬರೋಕೆ ಸಾಧ್ಯವಾಯ್ತು?" ಅಂತ ಕೇಳ್ತೀನಿ. ಆಮೇಲೆ ಅಲ್ಲಿರೋ ಎಲ್ಲಕ್ಕಿಂತ ಹಿರಿಯ ಆಪರೇಟರನ್ನ ಹುಡುಕಿಕೊಂಡು ಹೋಗಿ ಪಕ್ಕದಲ್ಲಿ ಕೂರ್ತೀನಿ.

ನಿಮ್ಮಲ್ಲಿ ಯಾರಾದ್ರೂ ಪ್ಲಾಂಟಿನಲ್ಲಿ ಕೆಲಸ ಮಾಡ್ತಿದ್ರೆ, ಇಂಥದ್ದೇನಾದ್ರೂ ಹೊಟ್ಟೆಯಲ್ಲಿಟ್ಟುಕೊಂಡಿದ್ರೆ, ಕಾಮೆಂಟಿನಲ್ಲಿ ಹೆಸರಿಲ್ಲದೆಯೂ ಬರೀಬಹುದು. ಆದರೆ ಮೊದಲು ಹೇಳಬೇಕಾದವರಿಗೆ ಹೇಳಿ. ಅವರ ಅಪ್ಪ ಅಮ್ಮ ಇರೋವಾಗಲೇ.